ಕೆಂದ್ಯಾನ ತೂಕ, ನನ್ನ ತೂಕ

ಹೋದ ವಾರ ನನ್ನ ಗುಳಿಗೆಗಳು ಮುಗಿದವು. ಶಹಾಪುರದ ಸರ್ಕಾರಿ ದವಾಖಾನೆಯ ನರ್ಸ್ ಬಾಯಿ ನನ್ನ ಕಾರ್ಡು ತಿರುವಿ ನೋಡಿ, "ಅಜ್ಜಾರ, ಇನ್ನ ಬರಬ್ಯಾಡ್ರಿ. ಬಂದ್ರ ನಮ್ಮ ಕೂಡ ಚಾ ಕುಡಿಯಾಕ ಬರ್ರಿ" ಅಂದಳು. ಆರು ತಿಂಗಳು ಟಿ.ಬಿ. ಗುಳಿಗೆ ನುಂಗಿದವನಿಗೆ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಎದೆಯಲ್ಲಿ ನೀರು ತುಂಬಿದವರು, ಗುಳಿಗೆಯಿಂದ ತಮ್ಮ ಉಚ್ಚೆ ಕೆಂಪಗಾದದ್ದು ನೋಡಿ ಹೆದರಿದವರು, ಅನ್ನದ ವಾಸನೆಗೇ ಓಕರಿಕೆ ಬಂದವರು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೇಳುವುದಿಷ್ಟೆ: ಗುಳಿಗೆ ಬಿಡಬೇಡಿ, ಇದು ದಾಟಿ ಹೋಗುತ್ತದೆ.

ಆದರೆ ನಾನು ಬರೆಯಲು ಕೂತದ್ದು ನನ್ನ ಬೇನೆಯ ಸಲುವಾಗಿ ಅಲ್ಲ. ಅದೇ ದಿನಗಳಲ್ಲಿ, ನನ್ನ ಕಾರಣದಿಂದ, ಇನ್ನೊಂದು ಜೀವ ಎಲುಬಿನ ಗೂಡಾಗಿ ಸಾವಿನ ಬಾಗಿಲಿಗೆ ಹೋಗಿತ್ತು. ಅದರ ಹೆಸರು ಕೆಂದ್ಯಾ. ಕೆಂಪು ಮೈಯ ಗಂಡು ನಾಯಿ. ಓಣಿಯ ಕೆಲವರು ಇವತ್ತಿಗೂ, "ಶರಣಪ್ಪ ತಾ ಸಾಯಾಕ ಬಿದ್ದಾಗೂ ಒಂದು ನಾಯಿ ಜೀವ ಉಳಿಸಿದ" ಅನ್ನುತ್ತಾರೆ. ಮೊದಲು ನನಗೂ ಅದು ಕೇಳಲು ಹಿತವಾಗಿತ್ತು. ಆ ಹಿತಕ್ಕಾಗಿ ನಾನು ಏನು ಮಾಡಿದೆ ಅನ್ನುವುದನ್ನು ಹೇಳಬೇಕಾಗಿದೆ.

ನಾನು ಹತ್ತನೆಯ ಇಯತ್ತೆ ಪಾಸಾದವ. ಶಹಾಪುರದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ತೂಕ ಮಾಡಿದೆ. ನಾನು ಕಾಟಾದ ಮುಂದೆ ನಿಂತು ತೂಕ ಕೂಗುವವ, ಗೆಳೆಯ ಮೈಬೂಬ್ ಚೀಲ ಎತ್ತಿ ಇಡುವವ. ಜೋಳ, ತೊಗರಿ, ಭತ್ತ, ಹತ್ತಿ, ಯಾವುದೇ ಇರಲಿ, ಚೀಲ ನೋಡಿಯೇ ಇಷ್ಟು ತೂಗುತ್ತದೆ ಅನ್ನುತ್ತಿದ್ದೆ. ಮುಳ್ಳು ಅಲ್ಲಿಯೇ ನಿಲ್ಲುತ್ತಿತ್ತು. ವಯಸ್ಸಾದ ಮೇಲೆ ಆ ಕೆಲಸ ಬಿಟ್ಟು, ಊರ ಹೊರಗಿನ ಒಂದು ಹತ್ತಿ ಗೋದಾಮು ಕಾಯುವುದಕ್ಕೆ ಸೇರಿದೆ. ಮಾಲೀಕರು ಬೇರೆ ಊರಿನವರು, ಹಂಗಾಮಿಗಷ್ಟೇ ಬರುತ್ತಾರೆ. ಹಂಗಾಮು ಮುಗಿದ ಮೇಲೆ ಆ ಎತ್ತರದ ಗೋಡೆಯ ಅಂಗಳದಲ್ಲಿ ಉಳಿಯುವುದು ಹಳೆಯ ಕಾಟಾ, ಬೆಂಕಿ ಹತ್ತಿದರೆ ಇರಲಿ ಎಂದು ನೀರು ತುಂಬಿಸಿಟ್ಟ ಸಿಮೆಂಟ್ ತೊಟ್ಟಿ, ನಾನು, ಮತ್ತು ಕೆಂದ್ಯಾ. ಮುಂಜಾನೆ ಸಂಜೆ ಹೋಗಿ ಗೇಟು ತೆರೆದು ರೊಟ್ಟಿ ಹಾಕುತ್ತಿದ್ದೆ. ಬರುವಾಗ ಕೀಲಿ ಜಡಿದು ಅದನ್ನು ಒಳಗೇ ಬಿಟ್ಟು ಬರುತ್ತಿದ್ದೆ. ಕಾವಲಿಗೆ.

ಗೇಟಿನ ಕೀಲಿಕೈ ಎರಡಿದ್ದವು. ಒಂದು ನನ್ನಲ್ಲಿ, ಇನ್ನೊಂದು ಮೈಬೂಬನಲ್ಲಿ. ಅವನು ಈಗ ತನ್ನದೊಂದು ಟಂಟಂ ಆಟೋ ಹೊಡೆಯುತ್ತಾನೆ. ನಾನು ಊರಲ್ಲಿ ಇಲ್ಲದಾಗ ಅವನೇ ಹೋಗಿ ನಾಯಿಗೆ ಹಾಕುತ್ತಿದ್ದ.

ಈ ವರ್ಷ ಚಳಿಗಾಲದಿಂದ ನನಗೆ ಕೆಮ್ಮು. ಸಂಜೆಯಾದರೆ ಮೈ ಬಿಸಿ. ಅಂಗಿ ಸಡಿಲಾದದ್ದು ನನಗೆ ಗೊತ್ತಿತ್ತು, ಯಾರೂ ಹೇಳಬಾರದು ಎಂದಿದ್ದೆ. ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿಯಲ್ಲಿ ಹತ್ತು ಮಂದಿಯ ಮುಂದೆ ಮೈಬೂಬ್ ಅಂದ:

"ಶರಣಪ್ಪ, ಮೂರು ತಿಂಗಳಾತು ಈ ಕೆಮ್ಮ. ನಮ್ಮ ಚಾಚಾನೂ ಹಿಂಗ ಕೆಮ್ಮಿ ಕೆಮ್ಮಿನೇ ಹೋದ. ನಡಿ, ದವಾಖಾನಿಗೆ ಕರಕೊಂಡು ಹೋಗತೀನಿ, ಕಫ ತೋರಸಮು."

ಅಂಗಡಿಯವನು ನನ್ನ ಗ್ಲಾಸು ಬೇರೆ ಇಟ್ಟಂತೆ ನನಗೆ ಕಂಡಿತು. ಇಟ್ಟನೋ ಇಲ್ಲವೋ, ಆಗ ಗೊತ್ತಾಗಲಿಲ್ಲ.

"ನನಗ ಕ್ಷಯ ಆಗ್ಯಾದಂತ ಊರಿಗೆಲ್ಲ ಡಂಗುರ ಹೊಡಿಯಾಕತ್ತೀಯೇನಲೇ?" ಅಂದೆ. "ಕೊಡು ಇಲ್ಲಿ ನನ್ನ ಕೀಲಿಕೈ. ಇನ್ನ ಮ್ಯಾಲ ಗೋದಾಮಿನ ಕಡಿ ಬರಬ್ಯಾಡ."

ಅವನು ಕಿಸೆಯಿಂದ ತೆಗೆದು ಚಹಾದ ಗ್ಲಾಸಿನ ಪಕ್ಕ ಇಟ್ಟ. "ತಗೋ. ಗೋದಾಮೂ ನಿಂದು, ಕೆಮ್ಮೂ ನಿಂದು" ಅಂದು ಎದ್ದು ಹೋದ.

ಆಮೇಲೆ ಎರಡೂ ಕೀಲಿಕೈ ನನ್ನ ಉಡದಾರಕ್ಕೇ ಬಂದವು.

ಹೋಳಿ ಮುಗಿದು ಬಿಸಿಲು ಏರಿದ ಕಾಲ. ಒಂದು ಮುಂಜಾನೆ ಕೆಂದ್ಯಾನಿಗೆ ರೊಟ್ಟಿ ಹಾಕಿ, ಕೀಲಿ ಜಡಿದು ಮನೆಗೆ ಬಂದವನು ಹೊಸ್ತಿಲಲ್ಲೇ ಕುಸಿದೆ. ಉಸಿರು ಎಳೆದರೆ ಎದೆಯ ಎಡಗಡೆ ಯಾರೋ ಕಲ್ಲು ಇಟ್ಟಂತೆ. ಹೆಂಡತಿ ಮಲ್ಲಮ್ಮ ಮತ್ತು ನೆರೆಯವರು ಸೇರಿ ಯಾದಗಿರಿಯ ದೊಡ್ಡ ದವಾಖಾನೆಗೆ ಒಯ್ದರು.

ಮರುದಿನ ಎಕ್ಸ್‌ರೇ ಕೋಣೆಯ ಮುಂದೆ ಉದ್ದ ಸಾಲು. ಬೆಂಚಿನಲ್ಲಿ ನನ್ನ ಪಕ್ಕ ಗುರುಮಿಟಕಲ್ ಕಡೆಯ ಒಬ್ಬ ಹೆಣ್ಣುಮಗಳು ಮೋಸಂಬಿ ಸುಲಿದು, ನನ್ನನ್ನು ಕೇಳದೆ ಅರ್ಧ ನನ್ನ ಕೈಯಲ್ಲಿಟ್ಟಳು. ನಾನು ಕೆಮ್ಮುತ್ತಿದ್ದೆ. ಅವಳು ದೂರ ಸರಿಯಲಿಲ್ಲ. ಆ ಅರ್ಧ ಹಣ್ಣು ನನಗೆ ಇನ್ನೂ ನೆನಪಿದೆ. ನನ್ನ ಪಾಳಿ ಬಂದಾಗ ಒಳಗಿನವನು, "ಅಜ್ಜಾ, ಮೈಮ್ಯಾಲಿನ ಕಬ್ಬಿಣ ಏನದ ಎಲ್ಲಾ ತಗಿ" ಅಂದ. ಉಡದಾರದಿಂದ ಎರಡು ಕೀಲಿಕೈ ಬಿಚ್ಚಿ ಅಂಗೈಯಲ್ಲಿ ಹಿಡಿದೆ.

ಆಗ ನೆನಪಾಯಿತು. ಇದನ್ನು ನಾನು ಸರಿಯಾಗಿ ಬರೆಯಬೇಕು. ನಾನು ಮರೆತಿರಲಿಲ್ಲ. ಬೇನೆಯಲ್ಲಿ ಮರೆತೆ ಎಂದು ಹೇಳಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಎರಡನೆಯ ದಿನವೇ, ಅಂಗೈಯಲ್ಲಿ ಎರಡು ಕೀಲಿಕೈ ಹಿಡಿದು ನಿಂತಾಗ, ಕೆಂದ್ಯಾ ಒಳಗಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬೆನ್ನಿಗೆ ಸೂಜಿ ಹಾಕಿ ಎದೆಯ ನೀರು ತೆಗೆದರು. ತಿಳಿ ಹಳದಿ ನೀರು, ಬಾಟಲಿಗಟ್ಟಲೆ. ಕಫ, ರಕ್ತ, ಮತ್ತೆ ಎಕ್ಸ್‌ರೇ. ಟಿ.ಬಿ. ಅಂದರು. ಮೈಬೂಬ್ ಹೇಳಿದ್ದೇ ಆಯಿತು. ಹಾಸಿಗೆಯಲ್ಲಿ ಮಲಗಿದವನಿಗೆ ಬೇನೆಗಿಂತ ಆ ಮಾತು ಹೆಚ್ಚು ಚುಚ್ಚಿತು. ಮಲ್ಲಮ್ಮ ಮೂರನೆಯ ದಿನ ಕೇಳಿದಳು:

"ನಾಯಿಗ್ಯಾರು ಹಾಕಾಕತ್ತಾರ?"

"ಮೈಬೂಬಗ ಹೇಳೀನಿ" ಅಂದೆ.

ಮಾತಾಡದವನಿಗೆ ಹೇಳಿದೆ ಅಂದೆ. ಫೋನು ಅವಳ ಸೆರಗಿನ ಗಂಟಿನಲ್ಲಿತ್ತು. "ಕೀಲಿ ಒಡದು ನಾಯಿ ಹೊರಗ ಬಿಡು" ಅಂದರೆ ಸಾಕಿತ್ತು. ಅಷ್ಟು ಅನ್ನಬೇಕಾದರೆ ಮೊದಲು, "ನೀ ಹೇಳಿದ್ದೇ ಖರೆ ಆತು" ಅನ್ನಬೇಕಾಗುತ್ತಿತ್ತು. ಅದೇ ನನ್ನ ಬಾಯಿಗೆ ಬರಲಿಲ್ಲ. ನಾಳೆ ಹೇಳುತ್ತೇನೆ ಅಂದುಕೊಂಡೆ. ತೊಟ್ಟಿಯಲ್ಲಿ ನೀರಿದೆ ಅಂದುಕೊಂಡೆ. ಯಾರಾದರೂ ಕೇಳಿಸಿಕೊಂಡು ತೆಗೆದಿರುತ್ತಾರೆ ಅಂದುಕೊಂಡೆ. ಹೀಗೆ ಅಂದುಕೊಳ್ಳುತ್ತ ಒಂಬತ್ತು ದಿನ ಹೋದವು.

ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಆಗ ತೂಗಿದಾಗ ನಾನು ನಲವತ್ತೆರಡು ಕಿಲೋ. ಸುರಪುರಕ್ಕೆ ಕೊಟ್ಟ ಮಗಳು ನೀಲಮ್ಮ, "ಎರಡು ದಿನ ನಮ್ಮ ಮನ್ಯಾಗ ಇದ್ದು ಹೋಗ್ರಿ ಅಪ್ಪಾ" ಅಂದಳು. ಬಸ್ಸು ಶಹಾಪುರದ ಮೇಲೆಯೇ ಹೋಗುತ್ತದೆ. ಗೋದಾಮಿನ ಕಡೆಗೆ ಹೋಗುವ ತಿರುವು ಕಿಟಕಿಯಿಂದ ಕಂಡಿತು. ಇಳಿಯುತ್ತೇನೆ ಅನ್ನಲಿಲ್ಲ. ಈಗ ಸತ್ತಿರುತ್ತದೆ, ಅದನ್ನು ನೋಡುವುದು ನನ್ನಿಂದ ಆಗುವುದಿಲ್ಲ ಎನಿಸಿತು. ಸುರಪುರದಲ್ಲಿ ಮಗಳು ಮೊಟ್ಟೆ ಕುದಿಸಿ ಕೊಟ್ಟಳು, ಶೇಂಗಾ ಹೋಳಿಗೆಗೆ ತುಪ್ಪ ಸವರಿ ತಿನ್ನಿಸಿದಳು. ತಿಂದೆ.

ಹದಿಮೂರನೆಯ ದಿನ ಶಹಾಪುರಕ್ಕೆ ಬಂದು, ಮಲ್ಲಮ್ಮನಿಂದ ಫೋನು ಇಸಿದುಕೊಂಡು ಅವಳನ್ನು ಮನೆಗೆ ಕಳಿಸಿ ನಾನೊಬ್ಬನೇ ಗೋದಾಮಿಗೆ ಹೋದೆ. ಐದು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡೆ. ಹೂಳಲು ಸಲಿಕೆ ಎಲ್ಲಿದೆ ಎಂದು ಯೋಚಿಸುತ್ತಿದ್ದೆ. ಗೇಟು ತೆರೆದೆ.

ಕೆಂದ್ಯಾ ತೊಟ್ಟಿಯ ನೆರಳಲ್ಲಿ ಬಿದ್ದಿತ್ತು. ಹತ್ತಿಕಾಳಿನ ಹಳೆಯ ಚೀಲ ಹರಿದು ಚಿಂದಿ ಮಾಡಿತ್ತು. ಗೇಟಿನ ಕೆಳಗಿನ ಮಣ್ಣು ಕೆದರಿ ಕೆದರಿ, ಕಾಂಕ್ರೀಟು ಹತ್ತಿದ ಕಡೆ ಅದರ ಉಗುರಿನ ರಕ್ತ ಒಣಗಿತ್ತು. ನನ್ನನ್ನು ನೋಡಿತು. ಬೊಗಳಲಿಲ್ಲ. ಮೈ ಏಳಲಿಲ್ಲ, ಬಾಲದ ತುದಿಯಷ್ಟೇ ನೆಲಕ್ಕೆ ಎರಡು ಸಲ ಬಡಿಯಿತು. ಕಚ್ಚಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದು. ಮಗಳು ಕಟ್ಟಿಕೊಟ್ಟ ಡಬ್ಬಿ ಕೈಯಲ್ಲಿತ್ತು. ನಾಲ್ಕು ಹೋಳಿಗೆ, ಆರು ಮೊಟ್ಟೆ, ರೊಟ್ಟಿ ಎಲ್ಲ ಅದರ ಮುಂದೆ ಸುರುವಿದೆ. ಬಾಟಲಿಯಲ್ಲಿ ಕೊಟ್ಟಿದ್ದ ಹಾಲೂ ಹೊಯ್ದೆ. ಅದು ಅಗಿಯದೆ ನುಂಗಿತು. ನಾನು ಅಳುತ್ತ, "ತಿನ್ನೋ ಮಗನ, ತಿನ್ನು" ಅನ್ನುತ್ತಿದ್ದೆ. ಹದಿಮೂರು ದಿನದ ಪಾಪ ಒಂದೇ ಊಟಕ್ಕೆ ತೀರಿಸಿಬಿಡುವ ಅವಸರ ನನಗೆ. ತಾಸು ಕಳೆಯುವುದರೊಳಗೆ ಹೊಟ್ಟೆ ಉಬ್ಬಿತು. ಎಲ್ಲ ವಾಂತಿ ಮಾಡಿ ಕಾಲು ನಡುಗಿಸುತ್ತ ಕಣ್ಣು ಮೇಲೆ ಮಾಡಿತು.

ಎತ್ತಿಕೊಂಡು ಹೋಗುವ ಶಕ್ತಿ ನನ್ನಲ್ಲಿರಲಿಲ್ಲ. ಮೈಬೂಬನಿಗೆ ಫೋನು ಮಾಡಿದೆ. ಹದಿಮೂರು ದಿನ ಆಗದ್ದು ಅರ್ಧ ನಿಮಿಷದಲ್ಲಿ ಆಯಿತು. "ಮೈಬೂಬ್, ಗೋದಾಮಿಗೆ ಬಾ" ಅಂದೆ. ಅವನು ಯಾಕೆಂದು ಕೇಳಲಿಲ್ಲ.

ಬಂದವನು ಗೇಟಿನ ಕೆಳಗಿನ ಮಣ್ಣು ನೋಡಿದ, ನನ್ನ ಉಡದಾರ ನೋಡಿದ. ನಾಯಿಯನ್ನು ಚೀಲದ ಮೇಲೆ ಮಲಗಿಸಿ ಟಂಟಂನಲ್ಲಿಟ್ಟ. ಅರ್ಧ ದಾರಿಗೆ ವಾಂತಿಯ ವಾಸನೆ ಬಂದಾಗ ಕೇಳಿದ:

"ಏನ್ ಹಾಕಿದಿ ಇದಕ್ಕ?"

ಹೇಳಿದೆ.

"ಅಲ್ಲಲೇ, ನಮ್ಮ ಮನ್ಯಾಗ ಎಷ್ಟು ಸಲ ರೋಜಾ ಬಿಡೂದು ನೋಡೀದಿ? ಒಂದು ಹಗಲಿನ ಉಪಾಸಕ್ಕೇ ಮೊದಲು ಖಜೂರ, ನೀರು. ಆಮ್ಯಾಲ ನಮಾಜು. ಆಮ್ಯಾಲ ಊಟ. ಇದರದು ಎಷ್ಟು ದಿನದ ರೋಜಾ? ಒಮ್ಮೆಲೆ ದಾವತ್ ಹಾಕಿಬಿಟ್ಟಿ."

ದನದ ದವಾಖಾನೆಯ ಡಾಕ್ಟರ್ ಮೇಡಂ ನನ್ನ ಮಗಳ ವಯಸ್ಸಿನವರು. ನಾಯಿಯ ಒಸಡು ನೋಡಿ, ಚರ್ಮ ಎತ್ತಿ ಬಿಟ್ಟು ನೋಡಿ, ಸಲಾಯಿನ್ ಹಚ್ಚಿದರು. ತೂಗಿದರೆ ಒಂಬತ್ತು ಕಿಲೋ. "ಹದಿನಾರರ ಮ್ಯಾಲ ಇರಬೇಕಾದ ನಾಯಿರಿ ಇದು" ಅಂದರು. ಆಮೇಲೆ ಕೇಳಿದರು, "ಎಲ್ಲಿ ಸಿಕ್ತುರಿ? ಯಾರದು?"

"ಬೀದಿ ನಾಯಿರಿ. ವನದುರ್ಗದ ರಸ್ತೆದಾಗ ಬಿದ್ದಿತ್ತು" ಅಂದೆ.

ಮೈಬೂಬ್ ಬಾಗಿಲಲ್ಲಿ ನಿಂತಿದ್ದ. ನನ್ನ ಕಡೆ ನೋಡಿದ. ಆಮೇಲೆ ಹೊರಗೆ ಹೋಗಿ ಟಂಟಂ ಒರೆಸತೊಡಗಿದ.

ಮೇಡಂ ನನ್ನ ಕೈಗಿನ್ನೂ ಅಂಟಿದ್ದ ದವಾಖಾನೆಯ ಪಟ್ಟಿ ನೋಡಿ, "ನೀವೇ ಇಷ್ಟು ನಿತ್ರಾಣ ಆಗೀರಿ, ಆದ್ರೂ ಬೀದಿ ನಾಯಿ ತಂದೀರಲ್ರಿ ಅಜ್ಜಾರ. ದೊಡ್ಡ ಮನಸು" ಅಂದರು. ನಾನು ಕೈ ಮುಗಿದೆ. ಆ ಮಾತು ಅಲ್ಲಿದ್ದ ಮಂದಿಯ ಬಾಯಿಂದ ನನಗಿಂತ ಮೊದಲೇ ನಮ್ಮ ಓಣಿ ಮುಟ್ಟಿತ್ತು. ಕೆಂದ್ಯಾ ಗೋಡೆಯೊಳಗೇ ಇದ್ದದ್ದು, ಓಣಿಯವರು ಅದನ್ನು ಕಂಡಿರಲಿಲ್ಲ; ಮಲ್ಲಮ್ಮನಿಗೆ ಮಾತ್ರ, ಅದು ತಪ್ಪಿಸಿಕೊಂಡು ಹೋಗಿ ರಸ್ತೆಯಲ್ಲಿ ಬಿದ್ದಿತ್ತು ಅಂದೆ.

ಮೂರು ದಿನ ಸಲಾಯಿನ್. ಆಮೇಲೆ ಮೇಡಂ ಚೀಟಿಯಲ್ಲಿ ಬರೆದುಕೊಟ್ಟರು. ಮೆತ್ತಗಿನ ಅನ್ನ, ಕುದಿಸಿದ ಕೋಳಿ, ಒಮ್ಮೊಮ್ಮೆ ಮೊಟ್ಟೆ. ಉಪ್ಪು ಖಾರ ಇಲ್ಲ. ದಿನಕ್ಕೆ ಐದಾರು ಸಲ, ಮೊದಮೊದಲು ಮುಷ್ಟಿಯಷ್ಟೇ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಏರಿಸುವುದು. "ಹಸದ ಹೊಟ್ಟಿಗೆ ಅನ್ನ ಔಷಧ ಇದ್ದಂಗ. ಔಷಧ ತಾಟು ತುಂಬ ಕೊಡ್ತಾರೇನ್ರಿ? ವಾರಕ್ಕೊಮ್ಮೆ ತೂಗಿ ನನಗ ಫೋನ್ ಮಾಡ್ರಿ" ಅಂದರು.

ತೂಗುವುದು! ನನಗೆ ಹೇಳುವ ಮಾತೇ ಅದು? ಗೋದಾಮಿನಲ್ಲಿ ಕಾಟಾ ಇತ್ತು. ನಾಯಿ ಕಾಟಾದ ಮೇಲೆ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಎತ್ತಿಕೊಂಡು ನಾನೇ ನಿಲ್ಲುತ್ತಿದ್ದೆ. ಬಂದ ತೂಕದಲ್ಲಿ ನನ್ನ ನಲವತ್ತೆರಡು ಕಳೆಯುತ್ತಿದ್ದೆ. ಮಾರ್ಕೆಟ್ಟಿನಲ್ಲಿ ಹಾಗೆಯೇ. ಖಾಲಿ ಚೀಲಕ್ಕೆ ನಾವು ಬಾರದಾನ ಅನ್ನುತ್ತೇವೆ. ಹಂಗಾಮಿನ ಶುರುವಿಗೆ ಒಂದು ಬಾರದಾನ ತೂಗಿ, ಆಮೇಲೆ ಸಾವಿರ ಚೀಲಕ್ಕೂ ಅಷ್ಟನ್ನೇ ಕಳೆಯುವುದು. ಪ್ರತಿ ಸಲ ಖಾಲಿ ಚೀಲ ತೂಗುತ್ತ ಕೂತರೆ ಮಾರ್ಕೆಟ್ಟು ನಡೆಯುವುದಿಲ್ಲ. ಕೆಂದ್ಯಾ ಮಾಲು, ನಾನು ಬಾರದಾನ.

ಮೊದಲ ವಾರ ಒಂಬತ್ತೂ ಮುಕ್ಕಾಲು ಬಂತು. ಎರಡನೆಯ ವಾರ ಹತ್ತೂವರೆ. ನಾಲ್ಕನೆಯ ವಾರ ಹನ್ನೊಂದರ ಮೇಲೆ. ಫೋನಿನಲ್ಲಿ ಮೇಡಂ, "ಶಾಬಾಸ್ ಅಜ್ಜಾರ" ಅಂದರು. ಮಲ್ಲಮ್ಮ ನನ್ನನ್ನು ಬಯ್ಯುವುದು ಬಿಟ್ಟಿದ್ದಳು. ಮನೆಗೆ ಬಂದವರು ನನ್ನ ಬೇನೆ ಕೇಳುವ ಮೊದಲು ನಾಯಿಯನ್ನು ಕೇಳುತ್ತಿದ್ದರು. ನಾನು ಗುಳಿಗೆ ನುಂಗುತ್ತಿದ್ದೆ, ನಾಯಿಗೆ ಉಣಿಸುತ್ತಿದ್ದೆ, ಇಬ್ಬರೂ ಏಳುತ್ತಿದ್ದೇವೆ ಅಂದುಕೊಂಡಿದ್ದೆ.

ಉಣಿಸುತ್ತಿದ್ದೆ ಎಂದು ಬರೆದೆ. ಅದೂ ಪೂರಾ ಖರೆಯಲ್ಲ. ಅನ್ನದ ತಾಟು ಇಟ್ಟು, ಬೇರೆ ನಾಯಿಗಳು ಒಳಗೆ ಬಂದು ಕಸಿದುಕೊಳ್ಳಬಾರದೆಂದು ಗೇಟು ಹಾಕಿ ಕೀಲಿ ಜಡಿದು ಮನೆಗೆ ಹೋಗುತ್ತಿದ್ದೆ. ಅದು ಉಣ್ಣುವಾಗ ಪಕ್ಕದಲ್ಲಿ ಕೂಡಲು ನನ್ನಿಂದ ಆಗುತ್ತಿರಲಿಲ್ಲ. ಅದು ನನ್ನನ್ನು ನೋಡುತ್ತಿತ್ತು. ತಿರುಗಿ ಬಂದಾಗ ತಾಟು ಖಾಲಿ. ಖಾಲಿ ತಾಟು ಕಂಡು ಖುಷಿಯಾಗುತ್ತಿತ್ತು.

ಮೈಬೂಬ್ ಒಮ್ಮೆ ಬಂದು ಕೆಂದ್ಯಾನ ಬೆನ್ನ ಮೇಲೆ ಕೈ ಆಡಿಸಿದ.

"ಹನ್ನೊಂದು ಕಿಲೋ ಅಂತಿ. ಇಲ್ಲಿ ಎಲುಬು ಎಣಸಾಕ ಬರತಾವ."

"ಕಾಟಾ ಹೇಳತದ. ಕಾಟಾ ಸುಳ್ಳು ಹೇಳತದೇನು?"

"ಕಾಟಾ ಸುಳ್ಳು ಹೇಳಾಂಗಿಲ್ಲ, ಶರಣಪ್ಪ" ಅಂದ. "ಕಾಟಾದ ಮ್ಯಾಲ ನಿಂತಾವ ಹೇಳತಾನ."

ವನದುರ್ಗದ ರಸ್ತೆಯ ಸುಳ್ಳು ಎತ್ತುತ್ತಿದ್ದಾನೆ ಎಂದು ನನಗೆ ಸಿಟ್ಟು ಬಂತು. ಮತ್ತೆ ಜಗಳ ಆಗುವುದಿತ್ತು. ಅವನೇ ಎದ್ದು ಹೋದ.

ಅದಾದ ಎರಡು ದಿನಕ್ಕೆ ನನ್ನ ತಿಂಗಳ ತಪಾಸಣೆ. ಗುಳಿಗೆ ತೆಗೆದುಕೊಳ್ಳುವವರ ಬೆಂಚಿನ ಮೇಲೆ ನಾವು ಏಳೆಂಟು ಮಂದಿ ಯಾವಾಗಲೂ ಒಬ್ಬರ ಮುಖ ಒಬ್ಬರು ನೋಡದೆ ಕೂಡುತ್ತಿದ್ದೆವು. ಎಲ್ಲರ ಬಾಯಿಗೂ ಟವೆಲು, ಸೆರಗು. ನರ್ಸ್ ಬಾಯಿ ನನ್ನನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿ ಕೂಗಿದಳು:

"ನಲವತ್ನಾಕೂವರಿ! ಎರಡೂವರಿ ಕಿಲೋ ಏರೀರಿ ಅಜ್ಜಾರ. ಮಲ್ಲಮ್ಮಾಯಿ ಏನ್ ತಿನಸಾಕತ್ತಾಳ್ರಿ ನಿಮಗ?"

ಬೆಂಚಿನ ಮೇಲಿದ್ದವರು ಟವೆಲಿನೊಳಗೇ ನಕ್ಕರು. ನಾನೂ ನಕ್ಕೆ. ಕೆಳಗಿಳಿದು ಚಪ್ಪಲಿ ಮೆಟ್ಟುವಾಗ ಕಾಲು ಅಲ್ಲೇ ನಿಂತಿತು.

ಬಾರದಾನ ಏರಿದೆ.

ಎರಡೂವರೆ ಕಿಲೋ ಏರಿದ್ದು ನಾನು. ಪ್ರತಿ ವಾರ ಕಳೆದದ್ದು ಹಳೆಯ ನಲವತ್ತೆರಡು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂವತ್ತು ವರ್ಷ ಹಾಕಿದ ಲೆಕ್ಕ, ಬೆರಳು ಬೇಕಾಗಲಿಲ್ಲ. ಕೊನೆಯ ಸಲ ಇಬ್ಬರೂ ಸೇರಿ ಐವತ್ಮೂರರ ಮೇಲೆ ಎರಡು ನೂರು ಗ್ರಾಮು. ಅದರಲ್ಲಿ ನಲವತ್ತನಾಲ್ಕೂವರೆ ಕಳೆದರೆ ಕೆಂದ್ಯಾ ಒಂಬತ್ತೂ ಇಲ್ಲ. ನಾನು ಅದನ್ನು ತಂದಾಗ ಇದ್ದದ್ದಕ್ಕಿಂತ ಕಡಿಮೆ. ಒಂದು ತಿಂಗಳು ನಾನು ದಪ್ಪಗಾಗುವುದನ್ನೇ ನಾಯಿ ದಪ್ಪಗಾಯಿತು ಎಂದು ಊರಿಗೆಲ್ಲ ಹೇಳಿದ್ದೆ.

ಗುಳಿಗೆಯ ಪೊಟ್ಟಣ ಅಲ್ಲೇ ಬಿಟ್ಟು ಹೊರಟಿದ್ದೆನಂತೆ. ನರ್ಸ್ ಬಾಯಿ ಹಿಂದೆ ಓಡಿ ಬಂದು ಕೊಟ್ಟಳು.

ಮೈಬೂಬ್ ಟಂಟಂ ತಂದ. ಗೋದಾಮಿಗೆ ಹೋದಾಗ ಮುಂಜಾನೆ ಇಟ್ಟ ತಾಟಿನ ಸುತ್ತ ಕಾಗೆಗಳು. ಒಂದು ಅಳಿಲು ಅನ್ನದ ಅಗುಳು ಹಿಡಿದು ಕೂತಿತ್ತು. ಕೆಂದ್ಯಾ ಅಂಗಳದ ಈ ಕಡೆ, ಗೇಟಿನ ಸೀಳಿಗೆ ಮೂಗು ಹಚ್ಚಿ ಮಲಗಿತ್ತು. ತಾಟಿನ ಕಡೆ ಅದಕ್ಕೆ ಬೆನ್ನು.

"ಉಣ್ಣೂದೇ ಇಲ್ಲ ಇದು" ಅಂದೆ.

"ನೀ ನೋಡೀಯೇನು ಉಣ್ಣೂದು? ಒಂದಿನರೆ?" ಅಂದ ಮೈಬೂಬ್.

ದನದ ದವಾಖಾನೆಯಲ್ಲಿ ಅವತ್ತು ಮಂದಿ ಬಹಳ. ಒಬ್ಬ ಮುದುಕಿ ಆಡಿನ ಹಗ್ಗ ಹಿಡಿದು ನಮ್ಮ ಪಕ್ಕ ಕೂತಿದ್ದಳು. ಮುದನಾಳ ಎಂಬ ಊರಿನವಳಂತೆ, ಇಲ್ಲಿ ಮಗಳ ಮನೆಗೆ ಬಂದಿದ್ದಳು. ಕೆಂದ್ಯಾನನ್ನು ನೋಡಿ, "ಅಯ್ಯ ಶಿವನ, ಯಾರು ಮಾಡಿದ ಪಾಪ ಇದು" ಅಂದಳು. ಮೇಡಂ ಹೊರಗೆ ಬಂದವರು ಅವಳಿಗೆ ನನ್ನನ್ನು ತೋರಿಸಿ, "ಇವರೇ ನೋಡವ್ವ ರಸ್ತೆದಾಗ ಬಿದ್ದದ್ದು ಎತ್ತಿ ತಂದವರು" ಅಂದರು. ಆಮೇಲೆ ನಾಯಿಯನ್ನು ತಮ್ಮ ತೂಕಕ್ಕಿಟ್ಟರು. ಎಂಟು ಕಿಲೋ ಏಳು ನೂರು. ಅವರ ಮುಖ ಬದಲಾಯಿತು.

"ಹನ್ನೊಂದು ಅಂದಿದ್ರಿ?"

ಬಾರದಾನದ ಕಥೆ ಹೇಳಿದೆ. ಅವರು ನಗಲಿಲ್ಲ. ಮಲದ ತಪಾಸಣೆ ಮಾಡಿಸಿದರು, ಹಲ್ಲು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಅರ್ಧ ತಾಸಿನ ಮೇಲೆ, "ಬ್ಯಾನಿ ಏನೂ ಕಾಣವಲ್ದು. ಹೊಟ್ಟಿ ಅನ್ನ ಬೇಡತದ, ಬಾಯಿ ಮುಟ್ಟವಲ್ದು. ಇದಕ್ಕ ಹಿಂದ ಏನಾಗಿತ್ತು ಅಂತ ಗೊತ್ತಾದ್ರ ದಾರಿ ಸಿಗತಿತ್ತು. ಬೀದಿ ನಾಯಿ, ಯಾರನ್ನ ಕೇಳೂದು?" ಅಂದರು.

ನನ್ನನ್ನು ಕೇಳಬೇಕಿತ್ತು. ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರು, ನಾನು ಮತ್ತು ನಾಯಿ. ಮೈಬೂಬ್ ಊಹಿಸಿದ್ದ. ಅವನ ಕಡೆ ನೋಡಿದೆ. ಅವನು ಹೊರಗೆ ರಸ್ತೆ ನೋಡುತ್ತ ನಿಂತಿದ್ದ.

"ಮೇಡಂ, ಇದು ಬೀದಿ ನಾಯಿ ಅಲ್ರಿ" ಅಂದೆ. "ನಮ್ಮ ಗೋದಾಮಿನ ನಾಯಿ. ನಾನೇ ಒಳಗ ಕೀಲಿ ಹಾಕಿ ಹೋಗಿದ್ದೆ. ಹದಿಮೂರು ದಿನ. ದವಾಖಾನ್ಯಾಗಿದ್ದೆ, ಆದ್ರ ನೆನಪಿತ್ರಿ. ಇವಗೊಂದು ಫೋನ್ ಮಾಡಿದ್ರ ಆಗತಿತ್ತು. ಮಾಡಲಿಲ್ಲ. ಇವನ ಮುಂದ ಸಣ್ಣಾವ ಆಗಬೇಕಾಗತದಂತ ಮಾಡಲಿಲ್ಲ."

ಆಡಿನ ಮುದುಕಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು. "ಥೂ ನಿನ್ನ ಮುಪ್ಪಿಗಿಷ್ಟು" ಅಂದಳು. ಅಂದದ್ದು ಸರಿಯೇ ಇತ್ತು. ನಾನು ತಲೆ ಎತ್ತಲಿಲ್ಲ. ಮೇಡಂ ಕೆಂದ್ಯಾನ ಕಿವಿ ಸವರಿದರು. ಆಮೇಲೆ ಒಂದು ಮಾತು ಕೇಳಿದರು. ಬಯ್ಗುಳ ಆಗಿರಲಿಲ್ಲ ಅದು.

"ಅನ್ನ ಇಟ್ಟಾಗ ಗೇಟ್ ಹಾಕಿರ್ತೀರೇನ್ರಿ?"

"ಹಾಕಿರ್ತೀನ್ರಿ. ಕೀಲಿನೂ ಹಾಕತೀನಿ. ಬ್ಯಾರೆ ನಾಯಿ ಬರಬಾರ್ದಂತ."

"ಗೇಟ್ ತಗದಿದ್ದಾಗ ಏನರೆ ಉಣ್ಣತದೇನು?"

ನೆನಪು ಮಾಡಿಕೊಂಡೆ. ಮುಂಜಾನೆ ನಾನು ಗೇಟು ತೆರೆದಿಟ್ಟು ಕಸ ಹೊಡೆಯುವಾಗ ಕೊಟ್ಟ ಮೊದಲ ಮುಷ್ಟಿಯನ್ನು ಅದು, ಅದರ ಕಡೆ ನೋಡದೆ ಚಾಚಿದ ನನ್ನ ಕೈಯಿಂದಲೇ ತಿನ್ನುತ್ತಿತ್ತು. ಅದೊಂದೇ ಮುಷ್ಟಿಯ ಮೇಲೆ ತಿಂಗಳು ಬದುಕಿತ್ತು.

"ಗೇಟ್ ಹಾಕಿದ ಸಪ್ಪಳಕ್ಕ ಅದರ ಹೊಟ್ಟಿ ಮುಚ್ಚತದ ಅಜ್ಜಾರ" ಅಂದರು ಮೇಡಂ. "ಮೊದಲ ದಿನಾನೇ ಹೇಳಿದ್ರ ಒಂದು ತಿಂಗಳು ಉಳಿತಿತ್ತು. ಹೋಗ್ರಿ. ತಗದಿಟ್ಟು ಉಣಸ್ರಿ. ನೀವು ಕೂಡ್ರಿ ಅಲ್ಲೇ."

ಹೊರಗೆ ಬಂದು ಟಂಟಂ ಹತ್ತಿದೆವು. ನಾನು ಉಡದಾರದಿಂದ ಒಂದು ಕೀಲಿಕೈ ಬಿಚ್ಚಿ ಮೈಬೂಬನ ಸೀಟಿನ ಮೇಲೆ ಇಟ್ಟೆ.

"ನೀ ಹೇಳಿದ್ದೇ ಖರೆ ಆತು" ಅಂದೆ. "ಕೆಮ್ಮಿಂದು."

"ಅದು ಹೇಳಾಕ ಇಷ್ಟು ದಿನ ಬೇಕಾತು" ಅಂದ. ಕೀಲಿಕೈ ಎತ್ತಿ ಕಿಸೆಗೆ ಹಾಕಿಕೊಂಡ. ಸ್ವಲ್ಪ ದೂರ ಹೋದ ಮೇಲೆ, "ಅವತ್ತು ನೀ ಸಿಟ್ಟಿಲೆ ನೋಡಿದ್ಯಲ್ಲ, ಚಾದ ಗ್ಲಾಸು ಬ್ಯಾರೆ ಇಟ್ಟಿದ್ದಿಲ್ಲ ಅಂಗಡ್ಯಾವ. ನಾ ನೋಡೀನಿ. ಒಡದ ಗ್ಲಾಸು ಬದಲ ಮಾಡಿದ್ದ" ಅಂದ.

ಸಂಜೆ ಬಿಸಿಲು ಇಳಿದಾಗ ಗೇಟಿನ ಎರಡೂ ಕದ ತೆರೆದು ಕಲ್ಲು ಒತ್ತಿಟ್ಟೆ. ತಾಟನ್ನು ಗೇಟಿನ ನಡುವೆಯೇ ಇಟ್ಟೆ. ನಾನು ಹೊಸ್ತಿಲ ಕಲ್ಲಿನ ಮೇಲೆ ಕೂತೆ. ಬೀದಿಯ ಎರಡು ನಾಯಿಗಳು ಬಂದು ದೂರ ನಿಂತವು. ಕೆಂದ್ಯಾ ಮೊದಲು ಗೇಟು ದಾಟಿ ಹೊರಗೆ ಹೋಯಿತು. ರಸ್ತೆಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿತು. ಹೋಗಿಬಿಡುತ್ತದೆ ಎನಿಸಿತು, ಹೋದರೆ ಹೋಗಲಿ ಅಂದುಕೊಂಡೆ. ಅದು ತಿರುಗಿ ಬಂತು. ತಾಟಿಗೆ ಬಾಯಿ ಹಾಕಿ ಒಂದು ತುತ್ತು ತಿಂದು ತಲೆ ಎತ್ತಿ ಕದ ನೋಡಿತು. ಕದ ತೆರೆದೇ ಇತ್ತು. ಮತ್ತೊಂದು ತುತ್ತು. ಮತ್ತೆ ತಲೆ ಎತ್ತಿತು. ಹೀಗೆ ಒಂದು ಮುಷ್ಟಿ ಅನ್ನಕ್ಕೆ ಕಾಲು ತಾಸು. ನನಗೆ ಅದರ ಮುಂದೆ ಕೂಡುವುದು ಕಷ್ಟವೇ ಇತ್ತು. ಕೂತೆ.

ಆಮೇಲಿನದು ಅವಸರದ ಕಥೆಯಲ್ಲ. ದಿನಕ್ಕೆ ಐದು ಸಲ, ಐದು ಸಲವೂ ಒಬ್ಬರು ಗೇಟಿನಲ್ಲಿ. ನನಗೆ ಓಕರಿಕೆ ಬಂದ ದಿನ ಮೈಬೂಬ್ ಕೂತ. ಅವನಿಗೆ ಬಾಡಿಗೆ ಇದ್ದ ದಿನ ಮಲ್ಲಮ್ಮ ಕೂತಳು. ಅವಳಿಗೂ ಅದೇ ದಿನ ಎಲ್ಲ ಹೇಳಿದ್ದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಮೂರನೆಯ ದಿನ ನಾಯಿಗೆ ಅನ್ನ ಕುದಿಸಿ ಡಬ್ಬಿಗೆ ಹಾಕಿ ಕೈಗಿಟ್ಟಳು. ಈಗ ತೂಗುವಾಗ ಮೊದಲು ನಾನೊಬ್ಬನೇ ನಿಲ್ಲುತ್ತೇನೆ, ಆಮೇಲೆ ಅದನ್ನೆತ್ತಿಕೊಂಡು. ಪ್ರತಿ ಸಲ. ಒಂದು ವಾರ ಕಾಲು ಕಿಲೋ ಏರಿತು, ಒಂದು ವಾರ ಏನೂ ಇಲ್ಲ, ಮತ್ತೊಂದು ವಾರ ಅರ್ಧ ಕಿಲೋ. ಹೋದ ಸೋಮವಾರ ನಾನು ಐವತ್ತೊಂದು, ಕೆಂದ್ಯಾ ಹದಿನಾರು ತುಂಬಿ ಮೇಲೆ. ಬೆನ್ನ ಮೇಲೆ ಕೈ ಆಡಿಸಿದರೆ ಎಲುಬು ಸಿಗುವುದಿಲ್ಲ. ಹೊಸ ಕೂದಲು ಬಂದಿದೆ, ಬಿಸಿಲಲ್ಲಿ ಕೆಂಪಗೆ ಹೊಳೆಯುತ್ತದೆ.

ಹತ್ತಿ ಮತ್ತೆ ಬರುತ್ತಿದೆ. ಗೋದಾಮಿಗೆ ಕೀಲಿ ಬೇಕೇ ಬೇಕು. ನಾಯಿ ಈಗ ನನ್ನ ಮನೆಯ ಪಡಸಾಲೆಯಲ್ಲಿ ಮಲಗುತ್ತದೆ. ಅಲ್ಲಿಯೂ ಅನ್ನ ಹಾಕಿದರೆ ಒಂದು ತುತ್ತು ತಿಂದು ತಲೆ ಎತ್ತಿ ಬಾಗಿಲು ನೋಡುತ್ತದೆ. ತೂಕ ಬಂದು ಎಷ್ಟೋ ದಿನವಾಯಿತು, ಅದೊಂದು ಹೋಗಿಲ್ಲ. ಹೋಗುತ್ತದೆಯೇ ಎಂದು ಮೇಡಂರನ್ನು ಕೇಳಿದೆ. ಗೊತ್ತಿಲ್ಲ ಅಂದರು.

ನಮ್ಮ ಮನೆಯ ಬಾಗಿಲಿನ ಕದ ಹಳೆಯದು, ಗಾಳಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಅದು ಉಣ್ಣುವಷ್ಟು ಹೊತ್ತು ನಾನು ಎದ್ದು ಹೋಗಿ ಕದ ಹಿಡಿದು ನಿಲ್ಲುತ್ತೇನೆ.